ಮಾರ್ಗಿಗೆ ಬೇಕಿದ್ದದ್ದು ಬರೀ ಮೇಷ್ಟ್ರಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಶಿಕ್ಷಣ ಪುಟದಲ್ಲಿ ಈಚೆಗೆ ಒಂಬತ್ತನೇ ತರಗತಿಯ ಮಕ್ಕಳಿಗೆಂದು ಅಮೆರಿಕದ ವಿಜ್ಞಾನ ಕತೆಗಾರ ಐಸಾಕ್ ಅಸಿಮೊವ್ ಅವರ ‘ದಿ ಫನ್ ದೇ ಹ್ಯಾಡ್’ ಕತೆಯ ಮೇಲೆ ಮಾದರಿ ಉತ್ತರಗಳು ಬಂದಿದ್ದವು. ಅದರಲ್ಲಿದ್ದದ್ದು ಇಷ್ಟು. ಕತೆಯ ಆಶಯ: ಯಂತ್ರಕ್ಕಿಂತ ಮನುಷ್ಯ ಶಿಕ್ಷಕರೇ ಮೇಲು. ಮಾರ್ಗಿ: ಕುತೂಹಲದ ಹುಡುಗಿ, ಶಾಲೆ ಕಂಡರೆ ಆಗದು. ಟಾಮಿ: ಬುದ್ಧಿವಂತ, ತಿಳಿವಳಿಕೆ ಉಳ್ಳ ಹುಡುಗ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಬಂದರೂ ಬರಬಹುದು. ಆದರೆ ಕತೆಯನ್ನು ಒಂದು ಸಲ ನಿಧಾನವಾಗಿ ಓದಿದವರು ಟಾಮಿಯ ಬಗ್ಗೆ ಹೀಗೆ ಬರೆಯುವುದು ಕಷ್ಟ. ಅದಕ್ಕೇ ಈ ಪತ್ರ ಬರೆಯಬೇಕೆನಿಸಿತು.

ನಾನು ಸಾಗರದಲ್ಲಿರುವ ನಿವೃತ್ತ ಇಂಗ್ಲಿಷ್ ಟೀಚರ್. ಕೇಂದ್ರ ಪಠ್ಯಕ್ರಮದ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಮಾಡಿದೆ. ಈಗ ಸಂಜೆ ಹೊತ್ತು ಅಕ್ಕಪಕ್ಕದ ಮನೆಯ ಮಕ್ಕಳು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಈ ಕತೆ ಎನ್‌ಸಿಇಆರ್‌ಟಿಯ ‘ಬೀಹೈವ್’ ಪುಸ್ತಕದಲ್ಲಿ ವರ್ಷಗಟ್ಟಲೆ ಮೊದಲ ಪಾಠವಾಗಿತ್ತು. ಹಾಗಾಗಿ ಪ್ರತಿ ಜೂನ್‌ನಲ್ಲೂ, ಹೊರಗೆ ಮಳೆ ಹಿಡಿದಿರುವಾಗ, ಮಾರ್ಗಿ ಮತ್ತು ಟಾಮಿ ನಮ್ಮ ತರಗತಿಗೆ ಬರುತ್ತಿದ್ದರು. ಚಿಕ್ಕ ಕತೆ. ಪುಸ್ತಕದಲ್ಲಿ ಹೆಚ್ಚೆಂದರೆ ನಾಲ್ಕೈದು ಪುಟ. ಅಸಿಮೊವ್ ಅದನ್ನು 1951ರಲ್ಲಿ ಅಮೆರಿಕದ ಮಕ್ಕಳ ಪತ್ರಿಕೆಗೆ ಬರೆದದ್ದು. ಮುಂದೆ 1954ರಲ್ಲಿ ದೊಡ್ಡವರ ವಿಜ್ಞಾನ ಕತೆಗಳ ಪತ್ರಿಕೆಯೊಂದು ಮತ್ತೆ ಅಚ್ಚು ಹಾಕಿತು.

ಓದದವರಿಗಾಗಿ ಕತೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 2157ನೇ ಇಸವಿ. ಹನ್ನೊಂದು ವರ್ಷದ ಮಾರ್ಗಿ, ಹದಿಮೂರು ವರ್ಷದ ಟಾಮಿ. ಆ ಕಾಲದಲ್ಲಿ ಎಲ್ಲವೂ ಪರದೆಯ ಮೇಲೆ. ಟಾಮಿಗೆ ಅವರ ಮನೆಯ ಅಟ್ಟದಲ್ಲಿ ಕಾಗದದ ಒಂದು ಹಳೇ ಪುಸ್ತಕ ಸಿಗುತ್ತದೆ. ಶಾಲೆಯ ಬಗ್ಗೆ ಇರುವ ಪುಸ್ತಕ. ಮಾರ್ಗಿಗೆ ಶಾಲೆ ಎಂದರೆ ಅವಳ ಮಲಗುವ ಕೋಣೆಯ ಪಕ್ಕದ ಕೋಣೆ, ಅಲ್ಲೊಂದು ಯಂತ್ರ. ಅದೇ ಮೇಷ್ಟ್ರು. ಭೂಗೋಳದಲ್ಲಿ ಅವಳ ಅಂಕ ಇಳಿಯುತ್ತಲೇ ಹೋದಾಗ ಅಮ್ಮ ಇನ್‌ಸ್ಪೆಕ್ಟರನ್ನು ಕರೆಸುತ್ತಾಳೆ. ಆತ ಬಂದು ಯಂತ್ರ ಬಿಚ್ಚಿ ಸರಿ ಮಾಡಿ ಹೋಗುತ್ತಾನೆ. ಹಳೇ ಕಾಲದಲ್ಲಿ ಶಾಲೆಗೆಂದೇ ಒಂದು ಕಟ್ಟಡ ಇತ್ತು, ಎಲ್ಲ ಮಕ್ಕಳೂ ಅಲ್ಲಿಗೆ ಹೋಗುತ್ತಿದ್ದರು, ಪಾಠ ಹೇಳುತ್ತಿದ್ದದ್ದು ಮನುಷ್ಯರು ಎಂದು ಟಾಮಿ ಹೇಳುತ್ತಾನೆ. ಅಷ್ಟರಲ್ಲಿ ಅಮ್ಮ ಕರೆಯುತ್ತಾಳೆ. ಮಾರ್ಗಿ ಯಂತ್ರದ ಮುಂದೆ ಹೋಗಿ ಕೂರುತ್ತಾಳೆ. ಪರದೆಯ ಮೇಲೆ ಭಿನ್ನರಾಶಿಯ ಲೆಕ್ಕ ಓಡುತ್ತಿದೆ. ಅವಳು ಹಳೇ ಶಾಲೆಯ ಮಕ್ಕಳಿಗೆ ಎಷ್ಟು ಖುಷಿ ಇದ್ದಿರಬೇಕು ಅಂತ ಯೋಚಿಸುತ್ತಿದ್ದಾಳೆ. ಕತೆ ಮುಗಿಯಿತು.

ಈಗ ನಿಮ್ಮ ಮಾದರಿ ಉತ್ತರಕ್ಕೆ ಬರುತ್ತೇನೆ. ಮನುಷ್ಯ ಶಿಕ್ಷಕರು ಮೇಲು ಎಂದು ಈ ಕತೆಯಲ್ಲಿ ಹೇಳುವವರು ಯಾರು? ಟಾಮಿ ಹೇಳುವುದಿಲ್ಲ. ಮನುಷ್ಯ ಮೇಷ್ಟ್ರು ಎಂದಾಗ ಮಾರ್ಗಿ ಮೊದಲು ಹೇಳುವುದೇ ಮನುಷ್ಯನಿಗೆ ಅಷ್ಟು ಬುದ್ಧಿ ಎಲ್ಲಿರುತ್ತದೆ ಎಂದು. ಆಮೇಲೆ, ಗುರುತಿಲ್ಲದ ಗಂಡಸು ನಮ್ಮ ಮನೆಗೆ ಬಂದು ಪಾಠ ಹೇಳುವುದು ನನಗೆ ಬೇಡಪ್ಪ ಅನ್ನುತ್ತಾಳೆ. ಅಂದರೆ ಅವಳ ಕಲ್ಪನೆಯಲ್ಲಿ ಮೇಷ್ಟ್ರು ಎಂದರೆ ಕೋಣೆಯೊಳಗೆ ಬಂದು ನಿಲ್ಲುವ ಇನ್ನೊಂದು ಯಂತ್ರ, ಅಷ್ಟೇ. ಟಾಮಿ ಬಿದ್ದು ಬಿದ್ದು ನಗುತ್ತಾನೆ.

ಹಾಗಾದರೆ ಕೊನೆಗೆ ಅವಳ ಮನಸ್ಸು ಎಲ್ಲಿಗೆ ಹೋಯಿತು ನೋಡಿ. ಆ ಕೊನೆಯ ಪ್ಯಾರಾವನ್ನು ಸಾಲು ಸಾಲಾಗಿ ಓದಬೇಕು. ಊರಿನ ಮಕ್ಕಳೆಲ್ಲ ಬರುತ್ತಿದ್ದರು. ಶಾಲೆಯಂಗಳದಲ್ಲಿ ನಗುತ್ತಿದ್ದರು, ಕೂಗಾಡುತ್ತಿದ್ದರು. ತರಗತಿಯಲ್ಲಿ ಒಟ್ಟಿಗೆ ಕೂರುತ್ತಿದ್ದರು. ಸಂಜೆ ಒಟ್ಟಿಗೆ ಮನೆಗೆ ಹೋಗುತ್ತಿದ್ದರು. ಎಲ್ಲರಿಗೂ ಒಂದೇ ಪಾಠ ಇದ್ದದ್ದರಿಂದ ಹೋಮ್‌ವರ್ಕಿನಲ್ಲಿ ಒಬ್ಬರಿಗೊಬ್ಬರು ಸಹಾಯ ಮಾಡಬಹುದಿತ್ತು, ಅದರ ಬಗ್ಗೆ ಮಾತಾಡಬಹುದಿತ್ತು. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ಮೇಷ್ಟ್ರುಗಳು ಮನುಷ್ಯರಾಗಿದ್ದರು ಎಂಬುದು ಬರುತ್ತದೆ. ಆ ಮಾತು ಮುಗಿಯುವಷ್ಟರಲ್ಲಿ ಯಂತ್ರ ಮಿನುಗಿ ಅಡ್ಡ ಬರುತ್ತದೆ. ಅವಳ ಆಸೆಯಲ್ಲಿ ಮೇಷ್ಟ್ರಿಗೆ ಸಿಕ್ಕ ಜಾಗ ಅಷ್ಟೇ. ನಾನೂ ಮೇಷ್ಟ್ರ ಜಾತಿಯವಳೇ, ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ ಆಗುತ್ತದೆ. ಆದರೆ ಕತೆಯಲ್ಲಿ ಇರುವುದು ಹಾಗೆ. ಅವಳಿಗೆ ಬೇಕಿದ್ದದ್ದು ಜೊತೆಯ ಮಕ್ಕಳು.

ಇನ್ನೊಂದು ಪ್ರಶ್ನೆಯನ್ನು ನಾನು ಮಕ್ಕಳಿಗೆ ಯಾವಾಗಲೂ ಕೇಳುತ್ತೇನೆ. ಈ ಕತೆಯೊಳಗೆ, ನಿಜವಾಗಿ, ಖುಷಿ ಪಟ್ಟವರು ಯಾರು? ಹಳೇ ಶಾಲೆಯ ಮಕ್ಕಳು ಅನ್ನುತ್ತಾರೆ. ಅವರು ಕತೆಯಲ್ಲಿ ಇಲ್ಲವೇ ಇಲ್ಲ. ಅವರು ಮಾರ್ಗಿಯ ತಲೆಯೊಳಗೆ ಇರುವವರು. ಕತೆಯೊಳಗೆ ಖುಷಿ ಇರುವ ಗಳಿಗೆ ಒಂದೇ. ಟಾಮಿ ಪುಸ್ತಕ ಹಿಡಿದಿದ್ದಾನೆ, ಮಾರ್ಗಿ ಅವನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಾಳೆ. ಇಬ್ಬರ ಮಧ್ಯೆ ಒಂದೇ ಪುಸ್ತಕ. ಒಬ್ಬರು ಕೇಳುತ್ತಾರೆ, ಒಬ್ಬರು ಹೇಳುತ್ತಾರೆ, ಜಗಳ ಆಡುತ್ತಾರೆ, ನಗುತ್ತಾರೆ. ಅದು ಶಾಲೆಯೇ ಅಲ್ವಾ? ಹಳೇ ಕಾಲದಲ್ಲಿತ್ತು ಎಂದು ಮಾರ್ಗಿ ಯಾವುದಕ್ಕೆ ಹಂಬಲಿಸುತ್ತಾಳೋ, ಅದು ಸ್ವಲ್ಪ ಹೊತ್ತಿನ ಮುಂಚೆ ಅವಳ ಮನೆಯಲ್ಲೇ ನಡೆದಿತ್ತು. ಅವಳಿಗೆ ಅದು ಗೊತ್ತಾಗುವುದಿಲ್ಲ. ಅಸಿಮೊವ್ ಕೂಡ ಬಾಯಿಬಿಟ್ಟು ಹೇಳುವುದಿಲ್ಲ. ಕತೆಯ ಆಶಯ ಅಂತ ಏನಾದರೂ ಇದ್ದರೆ ಅದು ಇಲ್ಲಿದೆ ಎಂಬುದು ನನ್ನ ಓದು.

ಇದನ್ನು ಒಪ್ಪಿದರೆ ಟಾಮಿಯ ಪಾತ್ರವನ್ನು ಬೇರೆ ತರಹ ನೋಡಬೇಕಾಗುತ್ತದೆ. ಬುದ್ಧಿವಂತ, ತಿಳಿವಳಿಕೆ ಉಳ್ಳವನು ಅಂತ ಬರೆದರೆ ಆ ಹುಡುಗನಿಗೆ ಅನ್ಯಾಯ. ಅವನು ಬಡಾಯಿಕೋರ. ಎರಡು ವರ್ಷ ದೊಡ್ಡವನು ಎಂಬ ಜಂಭ ಬೇರೆ. ಮಾರ್ಗಿ ಪ್ರಶ್ನೆ ಕೇಳಿದಾಗ ಮೇಲಿನಿಂದ ಕೆಳಗೆ ನೋಡುತ್ತಾನೆ, ದಡ್ಡಿ ಅನ್ನುತ್ತಾನೆ. ನೂರಾರು ವರ್ಷದ ಹಿಂದಿನ ಶಾಲೆ ಇದು ಎಂದು ಹೇಳಿ, ಆಮೇಲೆ ಶತಮಾನಗಳ ಹಿಂದಿನದು ಎಂದು ಸೇರಿಸುತ್ತಾನೆ. ಆ ಪದವನ್ನು ಬಹಳ ಜೋಪಾನವಾಗಿ ಉಚ್ಚರಿಸಿದ ಎಂದು ಅಸಿಮೊವ್ ಬರೆಯುತ್ತಾರೆ. ಆ ಒಂದು ವಿವರದಲ್ಲಿ ಇಡೀ ಹುಡುಗ ಇದ್ದಾನೆ. ಪದ ಅವನಿಗೂ ಹೊಸದು, ಆದರೆ ಹಳಬನ ಹಾಗೆ ಹೇಳಬೇಕು. ಅವನಿಗೆ ಗೊತ್ತಿರುವುದು ಮಾರ್ಗಿಗಿಂತ ನಾಲ್ಕು ಪುಟ ಜಾಸ್ತಿ, ಅಷ್ಟೇ. ಪುಸ್ತಕ ಓದಿ ಮುಗಿಸಿದ ಮೇಲೆ ಸುಮ್ನೆ ಎಸೆಯಬೇಕು, ಎಂಥಾ ದಂಡ ಎಂದು ಮೊದಲು ಮೂಗು ಮುರಿದವನೂ ಅವನೇ. ಅವನ ಟೀವಿ ಪರದೆಯಲ್ಲಿ ಲಕ್ಷಗಟ್ಟಲೆ ಪುಸ್ತಕ ಇವೆಯಂತೆ. ಆದರೂ ಹೊರಡುವಾಗ ಆ ದೂಳು ಹಿಡಿದ ಹಳೇ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸಿಳ್ಳೆ ಹೊಡೆಯುತ್ತಾ ಹೋಗುತ್ತಾನೆ.

ಟಾಮಿ ಒಳ್ಳೆಯ ಮೇಷ್ಟ್ರೇನಲ್ಲ. ಗೇಲಿ ಮಾಡುತ್ತಾನೆ. ಇಷ್ಟವಿಲ್ಲದಿದ್ದರೆ ಓದಬೇಡ ಹೋಗು ಅನ್ನುತ್ತಾನೆ. ನಾನು ತರಗತಿಯಲ್ಲಿ ಹಾಗೆ ಅಂದಿದ್ದರೆ ಹೆಡ್‌ಮಿಸ್ ಕರೆಸುತ್ತಿದ್ದರು. ಆದರೆ ಮಾರ್ಗಿ ಏನು ಮಾಡುತ್ತಾಳೆ? ಇಷ್ಟವಿಲ್ಲ ಅಂತ ನಾನೆಲ್ಲಿ ಅಂದೆ ಎಂದು ಗಡಬಡಿಸಿ ತಿರುಗಿ ಹೇಳುತ್ತಾಳೆ. ಶಾಲೆ ಮುಗಿದ ಮೇಲೆ ಇನ್ನೂ ಸ್ವಲ್ಪ ಓದೋಣವಾ ಎಂದು ಕೇಳುತ್ತಾಳೆ. ಇಡೀ ಕತೆಯಲ್ಲಿ ಅವಳು ಕಲಿಯಲು ಕೇಳಿಕೊಳ್ಳುವುದು ಇದೊಂದೇ ಸಲ. ಯಂತ್ರ ಯಾವತ್ತೂ ಅವಳನ್ನು ದಡ್ಡಿ ಅಂದಿಲ್ಲ, ಪಾಪ. ಆದರೆ ಯಂತ್ರದ ಹತ್ತಿರ ಇನ್ನೂ ಸ್ವಲ್ಪ ಹೇಳಿಕೊಡು ಎಂದು ಅವಳು ಕೇಳುವುದೂ ಇಲ್ಲ. ಟಾಮಿಯ ಜೊತೆ ವಾದ ಮಾಡಬಹುದು. ಅವನು ಹೇಳಿದ್ದನ್ನು ನಂಬದೇ ಇರಬಹುದು. ನಮ್ಮಪ್ಪನಿಗೆ ಹೆಚ್ಚುಕಡಿಮೆ ನಮ್ಮ ಮೇಷ್ಟ್ರಷ್ಟು ಗೊತ್ತು ಎಂದು ಅವನು ಕೊಚ್ಚಿಕೊಂಡಾಗ ಹೋಗಲಿ ಬಿಡು ಎಂದು ಸುಮ್ಮನಾಗಲೂಬಹುದು. ಮಾರ್ಗಿಯ ಬುದ್ಧಿ ಅರಳುವುದು ಈ ಎಳೆದಾಟದಲ್ಲಿ. ಭುಜದ ಮೇಲಿಂದ ಓದುತ್ತಾ, ಇವರಿಗೂ ಮೇಷ್ಟ್ರು ಇದ್ದರು ಅಂತ ಕಂಡುಹಿಡಿಯುವವಳು ಅವಳೇ. ಭೂಗೋಳದಲ್ಲಿ ಫೇಲಾಗುವ ಹುಡುಗಿ ಇವಳೇನಾ ಅನಿಸುತ್ತದೆ.

ಭೂಗೋಳದ ವಿಷಯಕ್ಕೆ ಬಂದರೆ, ಅವಳು ಎಡವುವುದು ಆ ವಿಷಯದಲ್ಲೇ ಯಾಕೆ? ಇಡೀ ಕತೆಯಲ್ಲಿ ಮಾರ್ಗಿ ಒಂದು ಸಲವೂ ಮನೆಯಿಂದ ಆಚೆ ಕಾಲಿಡುವುದಿಲ್ಲ. ಮಲಗುವ ಕೋಣೆ, ಪಕ್ಕದಲ್ಲಿ ಶಾಲೆಯ ಕೋಣೆ. ಇಷ್ಟೇ ಅವಳ ಜಗತ್ತು. ಅಂಥವಳಿಗೆ ದೇಶ, ನದಿ, ಬೆಟ್ಟಗಳ ಬಗ್ಗೆ ಟೆಸ್ಟಿನ ಮೇಲೆ ಟೆಸ್ಟು. ಅಸಿಮೊವ್ ಬೇಕೆಂದೇ ಭೂಗೋಳ ಆರಿಸಿದರೋ, ಕೈಗೆ ಬಂದದ್ದನ್ನು ಬರೆದರೋ, ಅದು ಮುಖ್ಯವಲ್ಲ. ಓದುವವರಿಗೆ ಅದು ಕಾಣುತ್ತದೆ. ಕೊನೆಯಲ್ಲಿ ಬರುವ ಭಿನ್ನರಾಶಿಯ ಲೆಕ್ಕಕ್ಕೂ, ಅರ್ಧಕ್ಕೆ ಕಾಲು ಕೂಡಿಸುವುದಕ್ಕೂ, ಇಂಥದೇ ಅರ್ಥ ಹಚ್ಚುವವರಿದ್ದಾರೆ. ನನಗೆ ಅದು ಸ್ವಲ್ಪ ಅತಿಯಾಯಿತು ಅನಿಸುತ್ತದೆ. ಲೆಕ್ಕ ಲೆಕ್ಕವಾಗಿಯೇ ಇರಲಿ.

ಇನ್‌ಸ್ಪೆಕ್ಟರ್ ಬಗ್ಗೆ ಯಾವ ಗೈಡಿನಲ್ಲೂ ಒಂದು ಸಾಲಿಗಿಂತ ಜಾಸ್ತಿ ಇರುವುದಿಲ್ಲ. ನನಗೆ ಆತ ಬಹಳ ಇಷ್ಟದ ಪಾತ್ರ. ದುಂಡಗೆ, ಕೆಂಪು ಮುಖ, ಕೈಯಲ್ಲಿ ವೈರು, ಸಲಕರಣೆಗಳ ಪೆಟ್ಟಿಗೆ. ಬಂದವನೇ ಮಾರ್ಗಿಯನ್ನು ನೋಡಿ ನಕ್ಕು ಒಂದು ಸೇಬು ಕೊಡುತ್ತಾನೆ. ಅಮೆರಿಕದಲ್ಲಿ ಮಕ್ಕಳು ಮೇಷ್ಟ್ರಿಗೆ ಸೇಬು ಕೊಡುವ ಪದ್ಧತಿ ಹಿಂದೆ ಇತ್ತು. ಇಲ್ಲಿ ಅದು ತಿರುಗಿದೆ. ಮೇಷ್ಟ್ರಿಗೆ ಸೇಬು ತಿನ್ನುವ ಬಾಯಿಲ್ಲ, ಅದಕ್ಕೆ ರಿಪೇರಿಯವನೇ ಮಗುವಿಗೆ ಕೊಡುತ್ತಾನೆ. 1951ರ ಅಮೆರಿಕದ ಮಕ್ಕಳು ಇಲ್ಲಿ ಖಂಡಿತ ನಕ್ಕಿರುತ್ತಾರೆ. ಯಂತ್ರವನ್ನು ಮತ್ತೆ ಜೋಡಿಸಲು ಇವನಿಗೆ ಬರದಿರಲಿ ಎಂದು ಮಾರ್ಗಿ ಒಳಗೊಳಗೇ ಹಾರೈಸುತ್ತಾಳೆ. ಅವನಿಗೆ ಚೆನ್ನಾಗಿಯೇ ಬರುತ್ತದೆ. ಟಾಮಿಯ ಯಂತ್ರವನ್ನು ಒಮ್ಮೆ ಹೆಚ್ಚುಕಡಿಮೆ ಒಂದು ತಿಂಗಳ ಕಾಲ ಒಯ್ದು ಇಟ್ಟುಕೊಂಡಿದ್ದರಂತೆ, ಇತಿಹಾಸದ ಭಾಗ ಪೂರ್ತಿ ಅಳಿಸಿಹೋಗಿತ್ತು ಅಂತ. ಅಂಥ ಅದೃಷ್ಟ ಅವಳಿಗಿಲ್ಲ.

ಆಮೇಲೆ ಇನ್‌ಸ್ಪೆಕ್ಟರ್ ಅವಳ ತಲೆ ತಟ್ಟಿ ಅಮ್ಮನಿಗೆ ಹೇಳುವ ಮಾತು ಮುಖ್ಯ. ಇದು ಮಗುವಿನ ತಪ್ಪಲ್ಲ, ಭೂಗೋಳದ ಭಾಗ ಸ್ವಲ್ಪ ಜೋರಾಗಿ ಓಡುತ್ತಿತ್ತು, ಸರಾಸರಿ ಹತ್ತು ವರ್ಷದ ಮಗುವಿನ ಮಟ್ಟಕ್ಕೆ ಇಳಿಸಿದ್ದೇನೆ ಎನ್ನುತ್ತಾನೆ. ಮೊದಲ ಮಾತು ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಅಂಕ ಕಡಿಮೆ ಬಂದ ಮಗುವಿನ ತಾಯಿಗೆ, ತಪ್ಪು ಮಗುವಿನದಲ್ಲ ಎಂದು ಹೇಳಿದವರು ಎಷ್ಟು ಜನ? ತಲೆಗೆ ಹತ್ತಲ್ಲ ಅಂತಲೇ ನಾವು ಶುರು ಮಾಡುವುದು. ಆ ಮಟ್ಟಿಗೆ 2157 ನಮಗಿಂತ ಮುಂದಿದೆ.

ಆದರೆ ಎರಡನೇ ಮಾತು ಗಮನಿಸಿ. ಪ್ರತಿಯೊಂದು ಮಗುವಿನ ಬುದ್ಧಿಗೆ ತಕ್ಕ ಹಾಗೆ ಮೇಷ್ಟ್ರನ್ನು ಹೊಂದಿಸಬೇಕು ಎಂದು ಅಮ್ಮ ಹೇಳುತ್ತಾಳೆ ಅಂತ ಮಾರ್ಗಿ ನಂಬಿದ್ದಾಳೆ. ಹೊಂದಿಸಲು ಬಂದವನು ಹೊಂದಿಸಿದ್ದು ಯಾವುದಕ್ಕೆ? ಸರಾಸರಿಗೆ. ಹನ್ನೊಂದು ವರ್ಷದವಳಿಗೆ ಸರಾಸರಿ ಹತ್ತು ವರ್ಷದವರ ಪಾಠ. ನಿನಗೇನು ಅರ್ಥವಾಗಲಿಲ್ಲ ಮಗಾ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಅಮ್ಮ ಅಂಕ ನೋಡಿದಳು, ಇನ್‌ಸ್ಪೆಕ್ಟರ್ ಯಂತ್ರ ನೋಡಿದ. ಇಬ್ಬರೂ ಕೆಟ್ಟವರಲ್ಲ. ಅಸಿಮೊವ್ ಈ ಕತೆಯಲ್ಲಿ ಒಬ್ಬ ಖಳನನ್ನೂ ಇಟ್ಟಿಲ್ಲ. ಎಲ್ಲರೂ ಒಳ್ಳೆಯವರು, ಎಲ್ಲವೂ ಸರಿಯಾಗಿ ನಡೆಯುತ್ತಿದೆ, ಹುಡುಗಿಗೆ ಮಾತ್ರ ಶಾಲೆ ಎಂದರೆ ದ್ವೇಷ.

ಯಂತ್ರಕ್ಕಿಂತ ಮನುಷ್ಯ ಮೇಲು ಎಂಬ ಸಾಲು ಪೂರ್ತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಕತೆಯಲ್ಲಿ ಒಂದು ಒಳ್ಳೆಯ ಆಧಾರ ಇದೆ, ನಿಮ್ಮ ಉತ್ತರದಲ್ಲಿ ಅದು ಬಿಟ್ಟುಹೋಗಿದೆ. ಕೊನೆಯಲ್ಲಿ ಯಂತ್ರ ಲೆಕ್ಕ ಹೇಳುತ್ತಲೇ ಇದೆ. ಕ್ಷಣದಲ್ಲಿ ಅಂಕ ಹಾಕುವ ಯಂತ್ರ ಅದು. ಎದುರಿಗೆ ಕೂತ ಹುಡುಗಿಯ ಮನಸ್ಸು ಇಲ್ಲಿಲ್ಲ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಕೊನೇ ಬೆಂಚಿನ ಹುಡುಗ ಕಿಟಕಿಯಾಚೆ ನೋಡುತ್ತಿದ್ದರೆ ಬೋರ್ಡ್ ಕಡೆ ತಿರುಗಿದ್ದ ಮೇಷ್ಟ್ರಿಗೂ ಹೇಗೋ ತಿಳಿಯುತ್ತದೆ. ಸೀಮೆಸುಣ್ಣ ಎಸೆಯುವವರೂ ಇದ್ದರು, ಅದು ಬೇರೆ ಮಾತು. ಇದನ್ನು ಬರೆದ ಮಗುವಿಗೆ ನಾನು ಅಂಕ ಕೊಡುತ್ತೇನೆ.

ಇನ್ನು ಲೇಖಕರ ಉದ್ದೇಶ. ಇದನ್ನು ಯಂತ್ರದ ವಿರುದ್ಧ ಬರೆದ ಕತೆ ಎಂದು ನಿಮ್ಮ ಪುಟ ಹೇಳುತ್ತದೆ. ಅಸಿಮೊವ್ ಬದುಕು ನೋಡಿದರೆ ಹಾಗನ್ನಿಸುವುದಿಲ್ಲ. 1920ರಲ್ಲಿ ರಷ್ಯಾದಲ್ಲಿ ಹುಟ್ಟಿ, ಮೂರನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕಿಗೆ ಬಂದವರು. ಬ್ರೂಕ್ಲಿನ್‌ನಲ್ಲಿ ಅಪ್ಪ ಮಿಠಾಯಿ ಅಂಗಡಿ ಇಟ್ಟಿದ್ದರು. ಶಾಲೆಗೆ ಸೇರುವ ಮೊದಲೇ ಹುಡುಗ ತಾನೇ ಓದಲು ಕಲಿತಿದ್ದ. ಆಮೇಲೆ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದಿ ಬೆಳೆದ. ಈ ಕತೆ ಬರೆದಾಗ ಅವರು ಬೋಸ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಹೇಳಿಕೊಡುತ್ತಿದ್ದ ಮೇಷ್ಟ್ರು. 1988ರಲ್ಲಿ ಬಿಲ್ ಮಾಯರ್ಸ್ ಎಂಬ ಪತ್ರಕರ್ತರ ಟೀವಿ ಸಂದರ್ಶನದಲ್ಲಿ ಅವರು ಹೇಳಿದ್ದು ಮಾರ್ಗಿಯ ಅಮ್ಮನ ಮಾತೇ. ಮನೆಮನೆಗೂ ಕಂಪ್ಯೂಟರ್ ಬಂದು ಅದು ದೊಡ್ಡ ದೊಡ್ಡ ಗ್ರಂಥಾಲಯಗಳಿಗೆ ಸೇರಿಕೊಂಡರೆ ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ, ತಮಗೆ ಬೇಕಾದ್ದನ್ನು ಕಲಿಯಬಹುದು ಎಂದು ಬಹಳ ಉತ್ಸಾಹದಿಂದ ಮಾತಾಡಿದರು. ಎಲ್ಲರಿಗೂ ಒಂದೇ ದಿನ ಒಂದೇ ವೇಗದಲ್ಲಿ ಒಂದೇ ಪಾಠ ಎಂಬುದೇ ಅವರಿಗೆ ಶಾಲೆಯ ದೋಷವಾಗಿ ಕಂಡಿತ್ತು. ಮಾರ್ಗಿಗೆ ಸಿಹಿಯಾಗಿ ಕಂಡದ್ದು ಅದೇ, ನೋಡಿ. ಎಲ್ಲರಿಗೂ ಒಂದೇ ಪಾಠ!

ಒಬ್ಬ ಲೇಖಕ 1951ರಲ್ಲಿ ಒಂದು ಹೇಳಿ 1988ರಲ್ಲಿ ಇನ್ನೊಂದು ಹೇಳಿದರು ಎಂದು ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಕತೆ ಭಾಷಣವಲ್ಲ. ಕೊನೆಯ ವಾಕ್ಯ ಮಾರ್ಗಿಯ ಯೋಚನೆ, ಅಸಿಮೊವ್ ತೀರ್ಪಲ್ಲ. ಅವಳು ಹಳೇ ಶಾಲೆಯನ್ನು ಕಂಡವಳಲ್ಲ, ಅರ್ಧ ಪುಸ್ತಕ ಓದಿದವಳು. ಮಗ್ಗಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವುದು ಅವಳಿಗೆ ಗೊತ್ತಿಲ್ಲ. ಗೇಲಿ ಮಾಡುವ ದೊಡ್ಡ ಹುಡುಗರು, ಸೋಮವಾರ ಬೆಳಗಿನ ಹೊಟ್ಟೆನೋವು, ಇದ್ಯಾವುದೂ ಗೊತ್ತಿಲ್ಲ. ಖುಷಿ ಇದ್ದಿರಬೇಕು ಎಂದು ಊಹಿಸುತ್ತಾಳೆ. ಅಸಿಮೊವ್ ಅವಳನ್ನು ತಿದ್ದುವುದಿಲ್ಲ. ತಿದ್ದುವ ಕೆಲಸವನ್ನು ಓದುವ ಮಕ್ಕಳಿಗೆ ಬಿಟ್ಟಿದ್ದಾರೆ. ಪ್ರತಿ ವರ್ಷವೂ ನನ್ನ ತರಗತಿಯಲ್ಲಿ ಈ ಸಾಲು ಬಂದಾಗ ನಗು ಏಳುತ್ತಿತ್ತು. ಬೇಕಾದರೆ ನಾವು ಬದಲಾಯಿಸಿಕೊಳ್ಳುತ್ತೇವೆ ಮಿಸ್, ಅವಳು ಇಲ್ಲಿ ಬರಲಿ, ನಮಗೆ ಆ ಮೆಷಿನ್ ಕೊಡಿ ಎನ್ನುತ್ತಿದ್ದರು. ಆ ನಗು ಬಂದರೆ ಕತೆ ತಲುಪಿತು ಅಂತ ಅರ್ಥ.

2021ರಲ್ಲಿ ಶಾಲೆಗಳು ಮತ್ತೆ ತೆರೆದ ಮೇಲೆ ಆ ನಗು ಸಣ್ಣದಾಯಿತು. ನಮ್ಮ ರಾಜ್ಯದಲ್ಲಿ 2020ರ ಜೂನ್‌ನಲ್ಲಿ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಎಂದು ಸರ್ಕಾರ ಹೇಳಿತು, ಜುಲೈಯಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳು ವಿದ್ಯಾಗಮ ಎಂದು ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು, ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನಮ್ಮ ಕಡೆಯ ಮಕ್ಕಳಿಗೆ ಸಿಗ್ನಲ್ ಸಿಗಬೇಕೆಂದರೆ ಗುಡ್ಡ ಹತ್ತಬೇಕಿತ್ತು. ಮನೆಯಲ್ಲೇ ಶಾಲೆ ಎಂದರೇನು ಎಂಬುದನ್ನು ಯಾವ ಮಗುವಿಗೂ ವಿವರಿಸುವ ಅಗತ್ಯ ಈಗಿಲ್ಲ. ಆಗ ನೀವು ಏನು ಕಳೆದುಕೊಂಡಿರಿ ಎಂದು ಕೇಳಿದೆ. ನಿಮ್ಮನ್ನೇ ಮಿಸ್ ಎಂದು ಹೇಳಿಯಾರು ಎಂಬ ಆಸೆ ನನಗೂ ಇತ್ತು ಅನ್ನಿ. ಒಬ್ಬ ಹುಡುಗ ಹೇಳಿದ: ಬಸ್ಸಲ್ಲಿ ಒಬ್ಬರ ಹೋಮ್‌ವರ್ಕ್ ಒಬ್ಬರು ನೋಡಿಕೊಂಡು ಬರೆಯೋದು. ಉಳಿದವರೆಲ್ಲ ಹೌದು ಹೌದು ಎಂದು ನಕ್ಕರು. ಮಾರ್ಗಿಯ ಕೊನೆಯ ಪ್ಯಾರಾದಲ್ಲಿ ಇರುವುದೂ ಅದೇ. ಕಾಪಿ ಹೊಡೆಯುವುದು ಎಂದು ನಾವು ಬೈಯುವುದನ್ನು ಅವಳು ಒಬ್ಬರಿಗೊಬ್ಬರು ಸಹಾಯ ಎಂದು ಕರೆಯುತ್ತಾಳೆ, ಅಷ್ಟೇ ವ್ಯತ್ಯಾಸ.

ಕತೆಯಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. ಬಾಹ್ಯಾಕಾಶ ನೌಕೆ ಇಲ್ಲ, ಅನ್ಯಗ್ರಹದವರಿಲ್ಲ, ಇದೆಂಥ ವಿಜ್ಞಾನ ಕತೆ ಎಂದು. 1951 ಎಂದರೆ ಅಮೆರಿಕದ ಜನಗಣತಿ ಇಲಾಖೆಗೆ ಯೂನಿವ್ಯಾಕ್ ಎಂಬ ಕೋಣೆ ತುಂಬುವ ಕಂಪ್ಯೂಟರ್ ಬಂದ ವರ್ಷ. ಮನೆಯೊಳಗೆ, ಮಗುವಿನ ಕೋಣೆಯ ಪಕ್ಕದಲ್ಲಿ ಅಂಥದೊಂದು ಇಡಬಹುದು ಎಂದು ಯೋಚಿಸಿದ್ದೇ ಸಾಹಸ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತದ ತರಗತಿಯನ್ನು ನೋಡಲು ಹೋದದ್ದು 1953ರ ನವೆಂಬರ್‌ನಲ್ಲಿ. ಲೆಕ್ಕ ಬೇಗ ಮುಗಿಸಿದವರು ಸುಮ್ಮನೆ ಕೂತಿದ್ದರು, ಬಾರದವರು ಒದ್ದಾಡುತ್ತಿದ್ದರು. ಅದನ್ನು ಕಂಡು ಅವರು ಪಾಠ ಹೇಳುವ ಯಂತ್ರ ಮಾಡಲು ಹೊರಟರು. ಅಸಿಮೊವ್ ಕತೆ ಅದಕ್ಕಿಂತ ಎರಡು ವರ್ಷ ಮೊದಲಿನದು. ತಮಾಷೆ ಏನೆಂದರೆ ಇಷ್ಟೆಲ್ಲ ಮುಂದೆ ನೋಡಿದವರು ಮಾರ್ಗಿಯ ಕೈಯಲ್ಲಿ ಹೋಮ್‌ವರ್ಕನ್ನು ಪಂಚ್ ಕೋಡಿನಲ್ಲಿ ಬರೆಸುತ್ತಾರೆ. ಕಾರ್ಡಿಗೆ ತೂತು ಹೊಡೆಯುವುದು ಆ ಕಾಲದ ಕಂಪ್ಯೂಟರ್ ಪದ್ಧತಿ. ಆರನೇ ವಯಸ್ಸಿಗೇ ಆ ಕೋಡ್ ಕಲಿಸಿದ್ದರಂತೆ. ಯಂತ್ರದ ಬಾಯಿಗೆ ಅದನ್ನು ತುರುಕುವುದೇ ಅವಳಿಗೆ ಅತಿ ಹಿಂಸೆಯ ಕೆಲಸ.

ಸಂಪಾದಕರೇ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಮಾದರಿ ಉತ್ತರ ಓದಿದಾಗ ನನಗೆ ನೆನಪಾದದ್ದು ಆ ಬಾಯಿ. ಆಶಯ ಎರಡು ಸಾಲು, ಪಾತ್ರ ಮೂರು ವಿಶೇಷಣ, ತೂತು ಹೊಡೆದು ತುರುಕಿದರೆ ಅಂಕ ಆಚೆ ಬರುತ್ತದೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿಕೊಂಡು ನನ್ನ ಹತ್ತಿರ ಬರುತ್ತಾರೆ. ಕತೆ ಓದಿದ್ದೀರಾ ಎಂದರೆ ಸಾರಾಂಶ ಓದಿದ್ದೇವೆ ಮಿಸ್ ಎನ್ನುತ್ತಾರೆ. ನಾಲ್ಕು ಪುಟದ ಕತೆಗೆ ಎರಡು ಪುಟದ ಸಾರಾಂಶ!

ಓದಿದರೆ ಅವರಿಗೆ ಏನೇನು ಕಾಣುತ್ತದೆ ಎಂದು ಹೇಳುತ್ತೇನೆ. ಕಾಗದದ ಪುಸ್ತಕವೇ ಗೊತ್ತಿಲ್ಲದ ಮಾರ್ಗಿ ಡೈರಿಯ ಪುಟದಲ್ಲಿ ಬರೆಯುತ್ತಾಳಲ್ಲ, ಆ ಪುಟ ಎಲ್ಲಿಂದ ಬಂತು ಎಂದು ಒಬ್ಬಳು ಕೇಳಿದಳು. ನನಗೆ ಅಷ್ಟು ವರ್ಷ ಅದು ಹೊಳೆದಿರಲಿಲ್ಲ. ಡೈರಿಯೂ ಪರದೆಯ ಮೇಲೇ ಇರಬಹುದು ಎಂದು ಇನ್ನೊಬ್ಬ. ಜಗಳವಾಯಿತು. ಮತ್ತೊಬ್ಬ ಲೆಕ್ಕದ ಹುಚ್ಚಿನವನು. ಡೈರಿಯಲ್ಲಿ ಮೇ 17, 2157 ಎಂದಿದೆ, ಅದು ಯಾವ ವಾರ ಎಂದು ಕೂತು ಲೆಕ್ಕ ಹಾಕಿದ. ಮಂಗಳವಾರ. ಶನಿವಾರ, ಭಾನುವಾರ ಬಿಟ್ಟು ಉಳಿದ ದಿನ ಯಂತ್ರಕ್ಕೆ ರಜೆಯಿಲ್ಲ ಎಂದು ಕತೆ ಹೇಳುತ್ತದೆ, ಆದ್ದರಿಂದ ಸರಿಹೋಯಿತು. ಕತೆಯ ಕೆಲವು ಪ್ರತಿಗಳಲ್ಲಿ 2155 ಎಂದಿದೆ ಎಂದು ನಾನು ಹೇಳಿದೆ. ಅದನ್ನೂ ಲೆಕ್ಕ ಹಾಕಿ, ಆ ವರ್ಷ ಅದು ಶನಿವಾರ ಮಿಸ್, ಮಾರ್ಗಿಗೆ ರಜೆ ಇರಬೇಕಿತ್ತು, ಅಮ್ಮ ಮೋಸ ಮಾಡಿದ್ದಾಳೆ ಎಂದ. ಇದಕ್ಕೆ ಯಾವ ಪರೀಕ್ಷೆಯಲ್ಲೂ ಅಂಕ ಇಲ್ಲ, ನನಗೆ ಗೊತ್ತು. ಆದರೆ ಕತೆಯ ಒಳಗೆ ಹೋದವರಷ್ಟೇ ಇಂಥ ತಪ್ಪು ಹಿಡಿಯಬಲ್ಲರು.

ನನ್ನ ಕೋರಿಕೆ ಇಷ್ಟೇ. ಶಿಕ್ಷಣ ಪುಟವನ್ನು ನಿಲ್ಲಿಸಬೇಡಿ. ಅದನ್ನು ಓದುವ ಮಕ್ಕಳು ತಾಲ್ಲೂಕು ಊರುಗಳಲ್ಲಿ ಬಹಳ ಇದ್ದಾರೆ, ಗೈಡ್ ಕೊಳ್ಳಲು ದುಡ್ಡಿಲ್ಲದವರೂ ಇದ್ದಾರೆ. ಆದರೆ ವಾರಕ್ಕೊಂದು ಕತೆಗಾದರೂ ಉತ್ತರದ ಬದಲು ಪ್ರಶ್ನೆ ಹಾಕಿ. ಇಬ್ಬರು ಸೇರಿ ಓದಿ ಎಂದು ಮೇಲೊಂದು ಸಾಲು ಬರೆಯಿರಿ. ಮಾರ್ಗಿಯ ಗುಣಗಳನ್ನು ಪಟ್ಟಿ ಮಾಡಿ ಎಂದು ಕೇಳಬೇಡಿ. ಇನ್‌ಸ್ಪೆಕ್ಟರ್ ಯಾಕೆ ಸೇಬು ಕೊಟ್ಟ ಎಂದು ಕೇಳಿ. ಅಮ್ಮನಿಗೆ ಮಗಳ ಮೇಲೆ ಪ್ರೀತಿ ಇದೆಯಾ, ಯಾವ ಸಾಲಿನಿಂದ ಹಾಗೆ ಹೇಳುತ್ತೀರಿ ಎಂದು ಕೇಳಿ. ಉತ್ತರ ಮುಂದಿನ ವಾರ ಎಂದೂ ಹಾಕಬೇಡಿ. ಮಕ್ಕಳು ಬರೆದು ಕಳಿಸಿದ ಎರಡು ಉತ್ತರ, ಒಂದಕ್ಕೊಂದು ಹೊಂದದವು, ಅಕ್ಕಪಕ್ಕ ಹಾಕಿ.

ನಮ್ಮ ಜಗಲಿಯಲ್ಲಿ ಈ ಸಲ ನಾನು ಕೇಳಿದ ಪ್ರಶ್ನೆ ಇದು. ಶಾಲೆ ಮುಗಿದ ಮೇಲೆ ಓದೋಣವಾ ಎಂದು ಮಾರ್ಗಿ ಕೇಳಿದಾಗ ಟಾಮಿ ನೋಡೋಣ ಎಂದು ಅಸಡ್ಡೆಯಿಂದ ಹೇಳಿ ಹೋದನಲ್ಲ, ಸಂಜೆ ಅವನು ಬರುತ್ತಾನಾ, ಇಲ್ಲವಾ? ಅರ್ಧ ಮಕ್ಕಳು ಬರುವುದಿಲ್ಲ ಎಂದರು. ಅವನಿಗೆ ಜಂಭ, ಪುಸ್ತಕ ಅವನದು, ಅವಳು ಚಿಕ್ಕವಳು. ಇನ್ನರ್ಧ ಬರುತ್ತಾನೆ ಎಂದರು, ಆದರೆ ಯಾಕೆಂದು ಹೇಳಲು ಅವರಿಗೆ ಬರಲಿಲ್ಲ. ಆಗ ಯಾವತ್ತೂ ಬಾಯಿ ಬಿಡದ ಒಬ್ಬಳು ಹೇಳಿದಳು: ಬಂದೇ ಬರ್ತಾನೆ ಮಿಸ್, ಅವನ ಮನೆಯಲ್ಲೂ ಬರೀ ಮೆಷಿನ್ ಇರೋದು. ಬಡಾಯಿ ಕೊಚ್ಚಿಕೊಳ್ಳೋಕೆ ಅವನಿಗೆ ಇನ್ಯಾರಿದ್ದಾರೆ?

ಇಂತಿ ತಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಸಾಗರ